ಮಗ್ಗಿ ಕೇಳಿ ಅಳೆದ ಜ್ವಾಳ

ಮೊನ್ನಿ ಮನಿಗೆ ಬಂದ ನಾಕು ಮಂದಿ ಓದಿದವರು ಚಾ ಕುಡಕೋತ ದೊಡ್ಡ ವಾದ ಹಚ್ಚಿದ್ರು. ಚಲೋ ಕಲಸೂ ಮಾಸ್ತರಗ ಪಗಾರ ಜಾಸ್ತಿ ಕೊಡಬೇಕಂತ. ತಂದಿ-ತಾಯಿ ತಮಗ ಬೇಕಾದ ಸಾಲಿ ಆರಿಸಿಕೊಂಡ್ರ ಕೆಟ್ಟ ಸಾಲಿ ತಾನ ಬಾಗಲಾ ಹಾಕತೈತಂತ. ಏನೋ ಹೊಸಾದು ಕಂಡು ಹಿಡದವರಂಗ ಒಬ್ಬರ ಮಾತಿಗೆ ಒಬ್ಬರು ಗೋಣ ಹಾಕಿದ್ದ ಹಾಕಿದ್ದು. ನನಗ ತಡಕೊಳ್ಳಾಕ ಆಗಲಿಲ್ಲ. "ಅಪ್ಪಗೋಳ್ರ್ಯಾ, ಇದನ್ನೆಲ್ಲಾ ನಮ್ಮ ಗಜೇಂದ್ರಗಡದಾಗ ಮಾಡಿ ಮುಗಿಸ್ಯಾರ, ನಾ ಇನ್ನೂ ಪರಕಾರ ಉಟಗೊಂಡು ತಿರಗೂವಾಗ" ಅಂದೆ. ನಕ್ಕು ಬಿಟ್ರು. ಮುದುಕಿ ಮಾತು ಅಂತ. ನಗಲಿ.

ಸ್ವತಂತ್ರ ಬಂದು ಐದಾರು ವರ್ಷ ಆಗಿತ್ತು. ನಾವು ಇನ್ನೂ ಮುಂಬೈ ಸರಕಾರದ ಕೆಳಗ ಇದ್ವಿ. ನಮ್ಮಪ್ಪಂದು ಪ್ಯಾಟ್ಯಾಗ ಜ್ವಾಳ, ಹತ್ತಿ ವ್ಯಾಪಾರದ ಅಂಗಡಿ. ಅಪ್ಪ ಎಂಥಾ ಶಾಣ್ಯಾ ಅಂತೀರಿ! ಜ್ವಾಳ ಕೊಳ್ಳಬೇಕಾದ್ರ ಚೀಲದ ತಳಕ್ಕ ಕೈ ಹಾಕಿ ನಾಕು ಕಾಳು ತಗದು ಹಲ್ಲಾಗ ಕಡದು ನೋಡತಿದ್ದ. ಹತ್ತಿ ಆದ್ರ ಎಳಿ ಜಗ್ಗಿ ನೋಡತಿದ್ದ. ಎಮ್ಮಿ ಆದ್ರ ಬಾಯಿ ತಗಸಿ ಹಲ್ಲು ಎಣಸತಿದ್ದ. ಇಂಥಾ ಮನಷ್ಯಾ ತನ್ನ ಮಕ್ಕಳಿಗೆ ಕಲಸೂ ಮಾಸ್ತರನ್ನ ಮಾತ್ರ ಬರೇ ಕಿವೀಲೆ ಕೊಂಡ. ಒಂದು ದಿನಾ ಸಾಲಿ ಹೊಸ್ತಿಲಾ ದಾಟಿ ಒಳಗ ಬಂದಾಂವ ಅಲ್ಲ.

ಊರಾಗ ಎರಡು ಕನ್ನಡ ಸಾಲಿ ಇದ್ವು. ಒಂದು ಪ್ಯಾಟಿ ಸಾಲಿ, ಅಪ್ಪನ ಅಂಗಡಿ ಎದುರಿಗೆ. ಇನ್ನೊಂದು ಹಿಂದಿನ ಓಣಿ ಸಾಲಿ, ನೇಕಾರರ ಮನಿಗಳ ನಡುವ. ನಮ್ಮ ಮನಿ ಅಲ್ಲೇ ಹತ್ತರ, ಅದಕ್ಕ ನಾನೂ ನಮ್ಮಣ್ಣನೂ ಹಿಂದಿನ ಓಣಿ ಸಾಲಿಗೇ ಹೋಗತಿದ್ವಿ. ಅವ ಏಳನೇತ್ತಾ, ನಾ ಆರನೇತ್ತಾ. ಏಳನೇತ್ತಾ ಮುಗಿಸಿ ರೋಣಕ್ಕ ಹೋಗಿ ಮುಲ್ಕಿ ಪರೀಕ್ಷಾ ಬರೀಬೇಕು. ಮುಲ್ಕಿ ಪಾಸಾದವರಿಗೆ ಆಗ ಸಾಲಿ ನೌಕರಿ ಸಿಗತಿತ್ತು. ನನಗ ಅದ ಬೇಕಾಗಿತ್ತು. ನರಗುಂದದಾಗ ನಮ್ಮತ್ತಿ ಮನಿ ಎದುರಿಗೆ ಹೆಣ್ಣಮಕ್ಕಳ ಸಾಲ್ಯಾಗ ಕಲಸೂ ಅಕ್ಕೋರು ಒಬ್ಬರು ಇದ್ರು. ಕಾಲಾಗ ಚಪ್ಪಲಿ, ಕೈಯಾಗ ಛತ್ರಿ. ಪಗಾರ ಆದ ದಿನಾ ತಮ್ಮ ರೊಕ್ಕಾ ತಾವ ಕೊಟ್ಟು ಕಾಯಿಪಲ್ಲೆ ಕೊಳ್ಳತಿದ್ರು, ಯಾರನ್ನೂ ಕೇಳತಿದ್ದಿಲ್ಲ. ಅದನ್ನ ನೋಡಿದ ದಿನದಿಂದ ನನಗ ಮುಲ್ಕಿದೇ ಧ್ಯಾಸ.

ನಮ್ಮ ಮಾಸ್ತರ ಹೊಳೆಆಲೂರ ಕಡೆಯವ್ರು. ಬಡಕಲ ಮನಷ್ಯಾ, ಸಣ್ಣ ದನಿ. ಸಂಜಿಮುಂದ ಸಾಲಿ ಬಿಡೂಕಿಂತ ಮದಲ ಹುಡುಗ್ರೆಲ್ಲಾ ಎದ್ದು ನಿಂತು ಮಗ್ಗಿ ಒದರೂದು ಆಗಿನ ಪದ್ಧತಿ. ನಮ್ಮ ಮಾಸ್ತರ ಅದನ್ನ ಒಂದ ಸಲಾ ಅನಿಸಿ ಮುಗಸತಿದ್ರು. ಆಮ್ಯಾಲೆ ಎಲ್ಲಾರ ಮುಂದ ಒಂದೊಂದು ಬೊಗಸಿ ಹುಣಸಿ ಬೀಜಾ ಸುರದು, "ಹನ್ನೆರಡೇಳ್ಲೆ ಎಂಬತ್ನಾಕು ಅಂದ್ಯಲ್ಲಾ, ಹ್ಯಾಂಗ? ಹಚ್ಚಿ ತೋರಸು" ಅಂತಿದ್ರು. ನಾವು ಸಾಲ ಹಚ್ಚಿ ಎಣಿಸಿ ತೋರಸಬೇಕು. ತಿಳದವರು ತಿಳೀಲಾರದವರ ಮಗ್ಗಲಾ ಕುಂತು ಹೇಳಿಕೊಡಬೇಕು. ನನ್ನ ಕಡೆ ಇಬ್ಬರು ನೇಕಾರರ ಹುಡಿಗ್ಯಾರನ್ನ ಕೊಟ್ಟಿದ್ರು. ಇಡೀ ಸಾಲ್ಯಾಗ ಬೀಜಾ ಸರಿಸೂ ಸಪ್ಪಳಾ ಬಿಟ್ರ ಏನೂ ಕೇಳತಿದ್ದಿಲ್ಲ. ಇದ ನೋಡ್ರಿ ಮಾಸ್ತರಗ ಮುಳುವಾತು.

ಆ ವರ್ಷ ಮಳಿಗಾಲದಾಗ ಪ್ಯಾಟಿ ವ್ಯಾಪಾರಸ್ತರಿಗೆ ಬುದ್ಧಿ ಹುಟ್ಟಿತು. ಒಂದು ಸಂಜಿ ಅಪ್ಪನ ಅಂಗಡಿ ಕಟ್ಟಿ ಮ್ಯಾಲೆ ಕೂತು ಮಾತಾಡಿದ್ರು. ಸರಕಾರದ ಪಗಾರ ಎಲ್ಲಾ ಮಾಸ್ತರಗೂ ಒಂದ, ಮೈಗಳ್ಳಗೂ ಅಷ್ಟ, ದುಡಿಯಾಂವಗೂ ಅಷ್ಟ, ಇದು ನ್ಯಾಯ ಅಲ್ಲ ಅಂತ. ಅಪ್ಪ, "ದುಡಿಯೂ ಎತ್ತಿಗೆ ಎರಡು ಹಿಡಿ ಹಿಂಡಿ ಜಾಸ್ತಿ ಹಾಕೂದಿಲ್ಲೇನ್ರಿ?" ಅಂದ. ಅದಕ್ಕ ಎಲ್ಲಾರೂ ಹೌದ್ಹೌದು ಅಂದ್ರು. ಯಾವ ಮಾಸ್ತರ ಚಲೋ ಅಂತ ಠರಾವ ಆಕ್ಕೈತೋ ಅವಗ ವರ್ಷಾ ಸುಗ್ಗ್ಯಾಗ ಎರಡು ಚೀಲ ಬಿಳಿಜ್ವಾಳ, ಒಂದು ಜೋಡಿ ಧೋತರ.

ಚಲೋ ಯಾರು ಅಂತ ಗೊತ್ತಾಗೂದು ಹ್ಯಾಂಗ? ಯಾರೋ ಒಬ್ಬ ಪಾಪ, ಎರಡೂ ಸಾಲ್ಯಾಗ ಹೋಗಿ ಕೂತು ನೋಡೂಣು ಅಂದನಂತ. ಅರಿವಿ ಅಂಗಡಿ ಸಾವಕಾರ ಅವನ್ನ ಬೈದು ಕುಂದರಿಸಿದ. "ಗಿರಾಕಿ ಬಿಟ್ಟು ಯಾರು ಹೋಗತಾರೋ? ಕಟ್ಟಿ ಮ್ಯಾಲೆ ಕುಂತ್ರ ಎರಡೂ ಸಾಲಿ ಮಗ್ಗಿ ಕೇಳತಾವು. ಎಂಟು ದಿನಾ ಕೇಳೂಣು. ಯಾವ ಸಾಲಿ ಮಗ್ಗಿ ಜೋರು, ಆ ಮಾಸ್ತರ ಚಲೋ." ಶಿವಶಿವಾ! ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ರಿ ಅನ್ನೂ ಮಂದಿ. ಒಬ್ಬನ ಬಾಯಿಂದಾದ್ರೂ ಇದು ಹುಚ್ಚ ಐತಿ ಅಂತ ಬರಬಾರದೇನು?

ಪ್ಯಾಟಿ ಸಾಲಿ ಮಾಸ್ತರ ಮದಲ ಭಜನಿ ಮ್ಯಾಳದಾಗ ತಾಳಾ ಬಡಿಯಾಂವ. ಅವಗ ಈ ಸುದ್ದಿ ಮುಟ್ಟಿದ್ದ ತಡಾ, ಗಣಿತಾ, ಓದು, ಶುದ್ಧಬರಹ ಎಲ್ಲಾ ಮೂಲಿಗೆ ಸರಿಸಿ ಮಧ್ಯಾಹ್ನದಿಂದ ಮಗ್ಗಿ ಶುರು ಮಾಡಿದ. ದಪ್ಪ ದನಿ ಹುಡುಗ್ರನ್ನ ಬೀದಿ ಕಡಿ ಕಿಡಕಿಗೆ ನಿಲ್ಲಿಸಿದ. ಬರಲಾರದವರಿಗೆ, "ಬಾಯಿ ಅಗಲ ತಗದು ಆ ಅನ್ರಲೇ, ತಾಳಾ ತಪ್ಪಬ್ಯಾಡ್ರಿ" ಅಂತ ಹೇಳಿದ್ದ. ಒಂದೂಕಾಲರ ಸವಾಯಿ ಮಗ್ಗಿ, ಒಂದೂವರಿ ದೀಡಕಿ ಮಗ್ಗಿ ಅಂದ್ರ ವ್ಯಾಪಾರಸ್ತರಿಗೆ ಜೀವಾ, ಅದು ಅವಗ ಗೊತ್ತು. ಅವನ್ನ ಕಡೀಕ ಇಟ್ಟು ಗಂಟಲಾ ಹರಿಯೂವಂಗ ಒದರಿಸಿದ. ಕಟ್ಟಿ ಮ್ಯಾಲಿನ ಹುಚ್ಚಪ್ಪಗೋಳು ತೊಡಿ ತಟಗೋತ ಕೇಳಿದ್ರು.

ರಾತ್ರಿ ಉಣ್ಣಾಕ ಕುಂತಾಗ ಅಪ್ಪ ಅಂದ, "ಏನ್ ಕಲಸತಾನ ಅಂವ! ಗುಡ್ಡ ನಡಗತೈತಿ. ನಿಮ್ಮ ಸಾಲ್ಯಾಗ ಮಾಸ್ತರ ಮಲಗತಾನೇನು?"

"ಇಲ್ಲ ಯಪ್ಪಾ, ನಾವು ಬೀಜಾ ಹಚ್ಚತೀವಿ" ಅಂದೆ.

"ಬೀಜಾ ಹಚ್ಚಾಕ ಸಾಲಿ ಯಾಕವಾ, ಹೊಲಾ ಐತಿ" ಅಂದು ತನ್ನ ಮಾತಿಗೆ ತಾನ ನಕ್ಕ.

ಜ್ವಾಳ ಪ್ಯಾಟಿ ಮಾಸ್ತರಗ ಠರಾವ ಆತು. ಅದು ಆದದ್ದ ಆದದ್ದು, ಊರ ತುಂಬಾ ಒಂದ ಗದ್ದಲಾ. ಎಲ್ಲಾ ತಂದಿಗೋಳೂ ತಮ್ಮ ಗಂಡಹುಡುಗ್ರನ್ನ ಕೈ ಹಿಡದು ಎಳಕೊಂಡು ಹೋಗಿ ಪ್ಯಾಟಿ ಸಾಲ್ಯಾಗ ಹಾಕಿದ್ರು. ಹೊರಗ ಜಗಲಿ ಮ್ಯಾಲೂ ಹುಡುಗ್ರು. ಮಾಸ್ತರಗ ಕೆಲವರ ಮುಖದ ಗುರ್ತ ಸುದ್ದಾ ಇದ್ದಿಲ್ಲ. ಇಲ್ದಿದ್ರ ಏನು, ದನಿ ಹೆಚ್ಚಾತಲ್ಲ. ಅಣ್ಣನ್ನೂ ಅಪ್ಪ ಅಲ್ಲೇ ಒಯ್ದ. ನನ್ನನ್ನೂ ಕರಕೊಂಡು ಹೋಗಿದ್ದ, ಸುಳ್ಳ್ಯಾಕ ಹೇಳಲಿ. ಆದ್ರ ಆ ಪುಣ್ಯಾತ್ಮ ನನ್ನ ಕಡೆ ನೋಡಿ, "ಹೆಣ್ಣ ಹುಡಿಗ್ಯಾರ ದನಿ ತೆಳ್ಳಗಿರತೈತ್ರಿ ಸಾವಕಾರ್ರ. ನಡುವ ಸೇರಿದ್ರ ಮಗ್ಗಿ ಕೆಡತೈತಿ" ಅಂದ. ಅಪ್ಪ ಅದಕ್ಕೂ ಹೂಂ ಅಂದ.

ಹಿಂದಿನ ಓಣಿ ಸಾಲ್ಯಾಗ ಉಳದವರು ನಾನು, ಆ ಇಬ್ಬರು ಹುಡಿಗ್ಯಾರು, ಮತ್ತ ಮಗ್ಗದ ಮುಂದ ಕುಂತ ನೇಕಾರ ಅಪ್ಪಗೋಳಿಗೆ ಸಾಲಿ ಬದಲಿ ಮಾಡಾಕ ಹೊತ್ತಿಲ್ಲದ ಮೂರ್ನಾಕು ಹುಡುಗ್ರು. ದೀಪಾವಳಿ ಆದಮ್ಯಾಲೆ ಸಾಲಿ ತಪಾಸ ಮಾಡೂ ಸಾಹೇಬ ಬಂದ. ತಲಿ ಎಣಿಸಿದ. ಐದನೇತ್ತಾದಿಂದ ಮ್ಯಾಲಿನ ವರ್ಗ ಬಂದ್ ಅಂತ ಬರದ. ಮಾಸ್ತರನ್ನ ನರಗುಂದದ ಆಚಿ ಒಂದು ಹಳ್ಳಿಗೆ ಒಗದ್ರು.

ಹೋಗೂ ಹಿಂದಿನ ದಿನಾ ಮಾಸ್ತರ ಅಂಗಡಿಗೆ ಬಂದ್ರು. ನಾ ಅಪ್ಪಗ ಬುತ್ತಿ ಒಯ್ದಿದ್ದೆ, ಅಲ್ಲೇ ಕಂಬಕ್ಕ ಆತು ನಿಂತಿದ್ದೆ. ಜ್ವಾಳದ ಮಾತು ಅವರು ತಗೀಲಿಲ್ಲ. "ಸಾವಕಾರ್ರ, ಹುಡಿಗೀನ ಬಿಡಸಬ್ಯಾಡ್ರಿ. ಮುಲ್ಕಿ ಈಕಿಗೆ ಎಡಗೈ ಆಟ. ಪ್ಯಾಟಿ ಮಾಸ್ತರಗ ಇನ್ನೊಮ್ಮೆ ಹೇಳಿ ನೋಡ್ರಿ" ಅಂದ್ರು.

"ಪತ್ರಾ ಓದಾಕ ಬರತೈತಲ್ರಿ ಮಾಸ್ತರ. ಸಾಕಲ್ಲ. ನಾಳೆ ಒಬ್ಬರ ಮನಿಗೆ ಹೋಗೂ ಹುಡುಗಿ" ಅಂದ ಅಪ್ಪ. ಮಾಸ್ತರ ಕೈ ಮುಗದು ಕಟ್ಟಿ ಇಳದು ಹೋದ್ರು. ನನಗ ಆ ಹೊತ್ತಿಗೆ ಅಪ್ಪನಕಿಂತ ಅವರ ಮ್ಯಾಲ ಸಿಟ್ಟು ಬಂದಿತ್ತು. ಒಂದ ಸಲಾ ಜೋರ ಮಾತಾಡಿದ್ರ ಗಂಟ ಏನ ಹೋಗತಿತ್ತು ಇವರದು ಅಂತ.

ಮರುದಿನದಿಂದ ನಾ ಒಲಿ ಮುಂದ ರೊಟ್ಟಿ ಬಡಕೋತ ಕುಂತೆ. ಎದುರಿಗೆ ಗ್ವಾಡಿ, ಹಿಂದ ಹೊಗಿ. ಸಂಜಿಮುಂದ ಆ ಮಗ್ಗಿ ಕೇಳತಿತ್ತು. ಥೂ ಅದರ, ಕಿವ್ಯಾಗ ಹತ್ತಿ ಇಟಗೊಳ್ಳತಿದ್ದೆ, ಅದೂ ಅಪ್ಪನ ಅಂಗಡಿ ಹತ್ತೀನ.

ಸುಗ್ಗ್ಯಾಗ ಪ್ಯಾಟಿ ಮಾಸ್ತರಗ ಎರಡು ಚೀಲ ಜ್ವಾಳ ಹೋತು. ಆಮ್ಯಾಲೆ ಪರೀಕ್ಷಾ. ಎರಡು ಚಕ್ಕಡಿ ಕಟಗೊಂಡು, ಬುತ್ತಿ ಕಟಗೊಂಡು, ಸೂಡಿ ಊರಿನ ದಾರಿ ಹಿಡದು ಹುಡುಗ್ರು ಮಗ್ಗಿ ಒದರಕೋತ ರೋಣಕ್ಕ ಹೋದ್ರು. ಬರೂವಾಗ ಉಸರಿಲ್ಲ. ಏನಾಗಿತ್ತಂದ್ರ, ಅವರಿಗೆ ಬಾಯಿ ಮುಚ್ಚಿಕೊಂಡು ಲೆಕ್ಕಾ ಮಾಡಾಕ ಬರತಿದ್ದಿಲ್ಲ. ಒಂಬತ್ತೆಂಟ್ಲೆ ಎಷ್ಟು ಅಂತ ತಿಳಿಬೇಕಾದ್ರ ಒಂಬತ್ತೊಂದ್ಲೆ ಒಂಬತ್ತರಿಂದ ದನಿ ತಗದು ಏರಿಕೋತ ಬರಬೇಕು. ಅದೂ ಒಬ್ಬನ ಕಡೀಂದ ಆಗೂದಲ್ಲ, ನಾಕು ಮಂದಿ ಕೂಡಬೇಕು. ಪರೀಕ್ಷಾ ಕೋಣ್ಯಾಗ ಒಬ್ಬ ಸಣ್ಣಗ ಶುರು ಮಾಡಿದನಂತ, ಹಿಂದ ಮತ್ತೊಬ್ಬ, ಇನ್ನೇನು ಭಜನಿ ಹತ್ತಬೇಕು, ಅಷ್ಟರಾಗ ಮ್ಯಾಲ್ವಿಚಾರಣಿ ಸಾಹೇಬ ಬೆತ್ತಾ ಬಡದು ಬಾಯಿ ಮುಚ್ಚಿಸಿದ. ಬಾಯಿ ಮುಚ್ಚಿತು, ಲೆಕ್ಕಾನೂ ಮುಚ್ಚಿತು. ಪ್ಯಾಟಿ ಸಾಲಿ ಒಬ್ಬ ಹುಡುಗನೂ ಪಾಸಾಗಲಿಲ್ಲ.

ಈಗಾದ್ರೂ ಕಟ್ಟಿ ಮಂದಿಗೆ ಬುದ್ಧಿ ಬಂದಿರಬೇಕು ಅಂತೀರಿ? ಬರೂ ಬುದ್ಧಿ ಆಗಿದ್ರ ಮದಲ ಬರತಿತ್ತು. ಅವರು ಕೂಡಿ ವಿಚಾರ ಮಾಡಿ ತಗದ ತೀರ್ಮಾನ ಏನಂದ್ರ, ಎರಡು ಚೀಲ ಕಡಿಮಿ ಬಿತ್ತು, ಅದಕ್ಕ ಮಾಸ್ತರ ಮನಸಿಟ್ಟು ಕಲಸಲಿಲ್ಲ, ಈ ಸಲಾ ಹುಡುಗ್ರು ಪಾಸಾದ್ರ ಮೂರು ಚೀಲ.

ಅಣ್ಣ ತಂದ ಪ್ರಶ್ನಿ ಹಾಳಿ ಅಡಗಿಮನ್ಯಾಗ ಬಿದ್ದಿತ್ತು. ಒಂದು ಮಧ್ಯಾಹ್ನ ಇದ್ದಲಿ ಹಿಡಕೊಂಡು ನೆಲದ ಮ್ಯಾಲೆ ಆ ಲೆಕ್ಕಾ ಎಲ್ಲಾ ಮಾಡಿದೆ. ಅಪ್ಪ ನೀರು ಕುಡಿಯಾಕ ಬಂದಾಂವ ನಿಂತ. ವ್ಯಾಪಾರಸ್ತ, ಲೆಕ್ಕಾ ತಿಳಿಯೂದಿಲ್ಲೇನು? ಒಂದೊಂದ ಸಾಲಿಗೂ ತುಟಿ ಅಲಗಿಸಿಕೋತ ನೋಡಿದ. ತಪ್ಪು ಒಂದೂ ಸಿಗಲಿಲ್ಲ. ನಾ ಅವನ ಬಾಯಿನ ನೋಡಿಕೋತ ಕುಂತೆ. ನಾಳೆ ಸಾಲಿಗೆ ಹೋಗು ಅಂತಾನ, ಈಗ ಅಂತಾನ, ಇನ್ನೇನ ಅಂತಾನ ಅಂತ.

"ದಿನಾ ಒಂದು ತಾಸು ಅಣ್ಣಗ ಹೇಳಿಕೊಡು" ಅಂದ ಅಪ್ಪ. ತಂಬಿಗಿ ಕೆಳಗಿಟ್ಟು ಹೋಗೂವಾಗ ತಿರಗಿ, "ಹೊರಗ ಯಾರ ಮುಂದೂ ಅನಬ್ಯಾಡ. ಗಂಡಹುಡುಗನ ಮಾನಾ ಹೋಗತೈತಿ" ಅಂದ.

ಹೇಳಿಕೊಟ್ಟೆ. ಯಾಕ ಕೊಟ್ಟೆ ಅಂತ ಇವತ್ತಿಗೂ ನನ್ನ ನಾ ಬೈಕೋತೀನಿ. ಅಣ್ಣ ಪಾಸಾದ್ರ ಅಪ್ಪನ ಮನಸು ಕರಗೀತು, ನನ್ನನ್ನೂ ಪರೀಕ್ಷಾಕ್ಕ ಕೂಡಿಸ್ಯಾನು ಅನ್ನೂ ಆಶಾ ಇತ್ತು. ಅಣ್ಣನ ಗೆಳ್ಯಾರು ಇಬ್ಬರು ಹಿತ್ತಲ ಬಾಗಲಾದಿಂದ ಬರತಿದ್ರು. ಮೂವರ ಮುಂದೂ ಹುಣಸಿ ಬೀಜಾ ಸುರದು, "ಬಾಯಿ ಮುಚ್ಚು, ಕೈಲೆ ಹಚ್ಚು" ಅಂತಿದ್ದೆ. ಒದರಿದ್ರ ಲಟ್ಟಣಗೀಲೆ ಕೈ ಮ್ಯಾಲ ಕೊಡತಿದ್ದೆ. ಮರುವರ್ಷ ರೋಣದಾಗ ಪ್ಯಾಟಿ ಸಾಲಿಯವರು ಪಾಸಾದದ್ದು ಮೂರ ಮಂದಿ. ನನ್ನ ಮೂವರು.

ಮಾಸ್ತರಗ ಜ್ವಾಳ ಕೊಡೂದು ನಮ್ಮ ಮನಿ ಪಡಸಾಲ್ಯಾಗ ನಡೀತು. ಕಟ್ಟಿ ಮಂದಿ ಎಲ್ಲಾ ಬಂದಿದ್ರು. ಮಾಸ್ತರನ ಕೊಳ್ಳಾಗ ಮಾಲಿ, ಮೈಮ್ಯಾಲ ಹೊಸಾ ಧೋತರ. ಅಪ್ಪ ಸೇರಲೆ ಅಳದು ಹಾಕತಿದ್ದ, ಚೀಲದ ಬಾಯಿ ಹಿಡಕೊಂಡು ನಿಂದ್ರಾಕ ನನ್ನನ್ನ ಕರದಿದ್ದ. ಮೂರನೇ ಚೀಲ ತುಂಬೂವಾಗ ಅಪ್ಪ ಎಲ್ಲಾರಿಗೂ ಕೇಳೂವಂಗ, "ನೋಡ್ರಿ, ಚಲೋ ಮಾಸ್ತರಗ ಕೊಟ್ಟದ್ದು ಎಂದೂ ಹುಸಿ ಹೋಗೂದಿಲ್ಲ" ಅಂದ.

"ಯಪ್ಪಾ, ಅವರಿಗೆ ಹೇಳಿಕೊಟ್ಟಾಕಿ ನಾ. ಈ ಜ್ವಾಳ ನಂದು" ಅಂದೆ.

ಅರಿವಿ ಸಾವಕಾರ ನಕ್ಕ, ಅವನ ಹಿಂದ ಎಲ್ಲಾರೂ ನಕ್ಕರು. ಮಾಸ್ತರನೂ ನಕ್ಕು, "ಭಾಳ ಚೂಟಿ ಅದಾಳ್ರಿ ತಂಗಿ" ಅಂದ. ನಾ ಅಣ್ಣನ ಕಡೆ ನೋಡಿದೆ. ಹೌದು ಅಂತ ಒಂದು ಮಾತು ಅಂದ್ರ ಮುಗೀತಿತ್ತು. ಅವ ಉಗರ ನೋಡಿಕೋತ ನಿಂತ.

ಅವ್ವ ಹೊರಗಿನ ಗಂಡಸರ ಮುಂದ ಎಂದೂ ಬಂದಾಕಿ ಅಲ್ಲ. ಅವತ್ತು ತಲಿ ಮ್ಯಾಲೆ ಸೆರಗು ಹೊತಗೊಂಡು ಪಡಸಾಲಿ ನಡುವ ಬಂದ್ಲು. ಅಪ್ಪನ ಕೈಯಾಗಿನ ಸೇರು ಕಸಗೊಂಡು, ಚೀಲದಾಗ ಮುಳುಗಿಸಿ ತುಂಬಿ, "ಹಿಡಿ ಉಡಿ" ಅಂದ್ಲು. ಹಿಡದೆ. ಸುರದ್ಲು. ಮತ್ತೊಂದು ಸೇರು. ಮತ್ತೊಂದು. ಮೂರು ಹುಡುಗರಿಗೆ ಮೂರು ಸೇರು. ಸೇರು ನೆಲಕ್ಕ ಇಟ್ಟು ಒಳಗ ಹೋದ್ಲು. ಅಪ್ಪ, ಮಾಸ್ತರಗ ಕಡಿಮಿ ಬೀಳಬಾರದಂತ, ಮತ್ತ ಮೂರು ಸೇರು ಅಳದು ಚೀಲಕ್ಕ ಹಾಕಿದ.

ಮುಲ್ಕಿಗೆ ನನ್ನನ್ನ ಯಾರೂ ಕೂಡಸಲಿಲ್ಲ. ಎರಡು ವರ್ಷಕ್ಕ ಲಗ್ನ ಮಾಡಿ ಕೊಟ್ರು. ಮುಲ್ಕಿ ಪಾಸಾದ ಅಣ್ಣ ಮುಂದ ಮಾಸ್ತರಕಿ ಮಾಡಿ ಪಗಾರ ಎಣಿಸಿದ, ಪಿಂಚಣಿನೂ ಎಣಿಸಿದ. ನಾ ಎಣಿಸಿದ ಪಗಾರ ಅಂದ್ರ ಆ ಮೂರು ಸೇರು ಜ್ವಾಳ. ಜ್ವಾಳ ಸಿಕ್ಕ ಮರುದಿನಾ ಬೆಳಗಿನಾಗ ಅದನ್ನ ನಾನ ಬೀಸಿದೆ, ನಾನ ರೊಟ್ಟಿ ಬಡದೆ, ನಾನೂ ಅವ್ವನೂ ಬಿಸಿಬಿಸಿ ಉಣ್ಣಾಕ ಕುಂತ್ವಿ. ಅಷ್ಟರಾಗ ಅಣ್ಣ ಬಂದು ತಾಟು ಮುಂದ ಇಟಗೊಂಡು ಕುಂತ.

"ನಿಮ್ಮ ಮಾಸ್ತರ ಮನಿಗೆ ಹೋಗಿ ಉಣ್ಣು" ಅಂದೆ.