ಗಂಟಿಗೆ ಆನಿಸಿದ ಫೋನು

ಕುಸನೂರಿನ ರಾಜೇಶ್ರೀ ಅವರ ಎದುರು ಬಾಯಿ ಬಿಡದೆ ಎದ್ದುಹೋದವರು ಇನ್ನೂ ಹುಟ್ಟಿಲ್ಲ. ಕಲಬುರಗಿ ಕೋಟೆಯ ಮೇಲಿನ ದೊಡ್ಡ ತೋಪನ್ನು ಅರ್ಧ ತಾಸು ಅವರ ಮುಂದೆ ಇಟ್ಟರೆ, ಅದೂ ತಾನು ಹಾರಿಸಿದ ಗುಂಡುಗಳನ್ನೆಲ್ಲ ನೆನೆದು ಮೂಗೊರೆಸಿಕೊಳ್ಳುತ್ತದೆ. ಹಾಗಂತ ಅವರು ಮಂತ್ರ ಹಾಕುವುದಿಲ್ಲ. ಕೇಳುತ್ತಾರೆ, ಅಷ್ಟೆ. ಈ ಊರ ಬಿಸಿಲಿನಲ್ಲಿ ಇನ್ನೊಬ್ಬರ ಮಾತನ್ನು ನಡುವೆ ಕತ್ತರಿಸದೆ ಕೇಳುವುದೆಂದರೆ ಸಣ್ಣ ಸಾಹಸವಲ್ಲ.

ಎಂಎಸ್‌ಡಬ್ಲ್ಯೂ ಓದಿ, ಧಾರವಾಡದಲ್ಲಿ ಮನಸ್ಸಿನ ಕಾಯಿಲೆಯವರ ಜೊತೆ ಎರಡು ವರ್ಷ ತರಬೇತಿ ಪಡೆದು, ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟವರು ಅವರು. ಲಾಕ್‌ಡೌನಿನಲ್ಲಿ ಸಮಾಲೋಚನೆ ಫೋನಿಗೆ ಏರಿತು. ಆಮೇಲೆ ಇಳಿಯಲೇ ಇಲ್ಲ. ಮನೆಯ ಮುಂದಿನ ಕೋಣೆಯೇ ಕಚೇರಿ. ಅವರ ಬಾಗಿಲು ಮುಚ್ಚಿತೆಂದರೆ ಪಕ್ಕದ ಮನೆಯ ಫರ್ಹೀನ್ ತನ್ನ ಹೊಲಿಗೆ ಯಂತ್ರ ನಿಲ್ಲಿಸುತ್ತಾಳೆ. ಅವಳ ಗಿರಾಕಿಗಳ ಕುಪ್ಪಸ ತಡವಾಗುವುದಕ್ಕೆ ಅರ್ಧ ಜಿಲ್ಲೆಯ ದುಃಖವೇ ಕಾರಣ.

ಕಮಲಾಪುರದ ಅಮೋಘಪ್ಪನ ಮನೆಯಿಂದ ಕರೆ ಬಂದದ್ದು ಹೋದ ವರ್ಷ. ಮಾಡಿದವಳು ಸೊಸೆ ಪ್ರೀತಿ. ಅಮೋಘಪ್ಪ ಕೆಂಪು ಬಾಳೆ ಬೆಳೆಯುವವನು. ಅವನೂ ಹೆಂಡತಿ ಅನ್ನಮ್ಮನೂ ಏಳು ತಿಂಗಳಿಂದ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. “ಚಾ ಆರಾಕತ್ತದ ಅಂತ ಹೇಳವ್ವಾ” ಎಂದು ಆಕೆ, “ಸಕ್ಕರಿ ಕಮ್ಮಿ ಆಗ್ಯದ ಅಂತ ಹೇಳು” ಎಂದು ಈತ. ಏಳು ತಿಂಗಳಲ್ಲಿ ಆ ಎಮ್ಮೆ ಸಂಸಾರದ ವ್ಯವಹಾರ ಎಷ್ಟು ಕಲಿತಿತ್ತೆಂದರೆ, ಪಂಚಾಯಿತಿ ಚುನಾವಣೆಗೆ ನಿಲ್ಲಿಸಿದ್ದರೆ ಅವಿರೋಧ ಗೆಲ್ಲುತ್ತಿತ್ತು.

“ಮನೆಯವರೆಲ್ಲ ಕೂತ್ಕೋರಿ” ಎಂದು ರಾಜೇಶ್ರೀ ಹೇಳಿಕಳಿಸಿದ್ದೇ ತಪ್ಪಾಯಿತು. ಮೊದಲ ಬುಧವಾರ ಫೋನಿನ ಗೇಣಗಲದ ಪರದೆಯಲ್ಲಿ ಇಪ್ಪತ್ತಮೂರು ಮುಖಗಳು. ಅದರಲ್ಲಿ ಒಬ್ಬರು ರಾಜೇಶ್ರೀ ಅವರ ಜೊತೆಗೇ ದೂರದ ನೆಂಟಸ್ತಿಕೆ ತೆಗೆದು ಊಟಕ್ಕೆ ಕರೆದರು. ಮುಂದಿನ ವಾರದಿಂದ ಗಂಡನ ಜೊತೆ ಬೇರೆ, ಹೆಂಡತಿಯ ಜೊತೆ ಬೇರೆ ಮಾತು ಶುರುವಾಯಿತು.

“ನನಗೇನ್ ಗೊತ್ರೀ ಮೇಡಂ, ಒಮ್ಮಿಗಲೇ ಬಾಯಿ ಮುಚ್ಚ್ಯಾಳ” ಎಂದ ಅಮೋಘಪ್ಪ. ಸುಳ್ಳಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅನ್ನಮ್ಮ ಎರಡು ಬುಧವಾರ ತಿಂಗಳಿಟ್ಟರೂ ಕೆಡದ ಗರಿಗರಿ ಖಟಿ ರೊಟ್ಟಿಯ ವಿಷಯವನ್ನೇ ಹೇಳಿದಳು. ಮೂರನೆಯದರಲ್ಲಿ ಬಾಯಿಬಿಟ್ಟಳು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ತಾನೊಂದು ಹೆಸರು ಸೂಚಿಸಿದ್ದಕ್ಕೆ, ತುಂಬಿದ ಮಂದಿಯ ಮುಂದೆ ಗಂಡ “ಅಕಿಗೇನ್ ತಿಳೀತದ” ಎಂದು ನಕ್ಕಿದ್ದ.

“ಇದನ್ನ ಅವ್ರಿಗಿ ಹೇಳಬ್ಯಾಡ್ರಿ. ತಾವಾ ತಿಳ್ಕೋಲಿ. ಅಮಾಸಿತನಾ ನೋಡ್ತೀನಿ. ಮರದಿನ ಮಹಾಗಾಂವಕ್ಕ ತಮ್ಮನ ಮನಿಗಿ ಹೋಗ್ತೀನಿ. ಹೋದ್ರ ಮತ್ತ ಬರಂಗಿಲ್ಲ.”

ಬರಿ ಬೆದರಿಕೆಯಲ್ಲ. ಸೀರೆಗಳ ಗಂಟು ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದಳು. ಪ್ರೀತಿ ಪ್ರತಿವಾರ ಫೋನನ್ನು ಅದೇ ಗಂಟಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಿಂತ ವಸ್ತು ಬೇರೊಂದಿರಲಿಲ್ಲ.

ರಾಜೇಶ್ರೀ ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರು. ಕುಸನೂರಿನ ಆ ಮನೆಯ ನೆಲ ಎರಡು ಬೆರಳು ಕುಸಿದಿರುವುದು ಇಂಥ ಗುಟ್ಟುಗಳ ಭಾರಕ್ಕೇ. ಆದರೆ ಆ ವಾರ ಅವರಿಗೆ ಊಟ ರುಚಿಸಲಿಲ್ಲ. ಹೇಳಿದರೆ ಅನ್ನಮ್ಮನ ನಂಬಿಕೆ ಮುರಿಯುತ್ತದೆ. ಹೇಳದಿದ್ದರೆ ಮೂವತ್ತೊಂದು ವರ್ಷದ ಸಂಸಾರ ಟೆಂಪೋ ಹತ್ತುತ್ತದೆ.

ಅಮಾವಾಸ್ಯೆಯ ಹಿಂದಿನ ದಿನ ಬುಧವಾರ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ತರಬೇತಿಯಲ್ಲಿ ಕಲಿತಂತೆ ಶುರುಮಾಡಿದರು. “ಅಮೋಘಪ್ಪನವರೇ, ಅವರ ಹೆಸರು ಹಿಡಿದು ಕರೀರಿ. ನನಗೆ ಹಿಂಗ ಅನಸ್ತದ ಅಂತ ಹೇಳ್ರಿ.”

ಅಮೋಘಪ್ಪ ಬಹಳ ಹೊತ್ತು ಯೋಚಿಸಿದ. “ಹೊಟ್ಟಿ ಹಸದಂಗ ಅನಸ್ತದ್ರೀ.”

“ಹೆಸರು?”

“ಹೆಸರು ಹೆಂಗ್ ಕರೀಲಿ ಮೇಡಂ? ಅಕಿನೂ ನಂದು ಕರದಿಲ್ಲ, ನಾನೂ ಅಕೀದು ಕರದಿಲ್ಲ.”

ಅನ್ನಮ್ಮ ಗೋಡೆ ನೋಡುತ್ತ ಅಂದಳು, “ಲಗ್ನದಾಗ ಒಡಪು ಹೇಳೂ ಮುಂದ ಒಂದ್ ಸಲ ಹೇಳೀನ್ರಿ. ಅದಾ ಕಡೀದು.”

ರಾಜೇಶ್ರೀ ಪೆನ್ನು ಕೆಳಗಿಟ್ಟರು. ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬರಿಬಾಯಲ್ಲಿ ಹೇಳದ ಈ ಕಡೆ, ಅದನ್ನು ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳುವುದಕ್ಕೆ ಒಡಪು ಅನ್ನುತ್ತಾರೆ. ತಮ್ಮ ಲಗ್ನದಲ್ಲಿ ಅವರೂ ಬೆವರುತ್ತ ಹೇಳಿದ್ದರು. ಅದು ಯಾವ ತರಬೇತಿಯ ಪುಸ್ತಕದಲ್ಲೂ ಇರಲಿಲ್ಲ.

“ಹಂಗಾದ್ರ ಒಡಪಾ ಹೇಳ್ರಿ ಅಮ್ಮಾ. ನಿಮಗ ಹೇಳಬೇಕನಿಸಿದ್ದು ಅದರಾಗ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ.”

“ಈ ವಯಸ್ಸಿನಾಗ?”

“ಈ ವಯಸ್ಸಿನಾಗ.”

ರಾಜೇಶ್ರೀ ಪರದೆಯತ್ತ ಬಾಗಿದರು. ಫರ್ಹೀನ್‌ಳ ಯಂತ್ರ ಎಂದಿನಂತೆ ನಿಂತಿತ್ತು. ಕಮಲಾಪುರದ ಎಮ್ಮೆ ಕೂಡ ಕಿವಿ ನಿಮಿರಿಸಿರಬೇಕು. ಅನ್ನಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

“ಖಟಿ ರೊಟ್ಟಿ ಬುತ್ತಿ ಕಟ್ಟೀನಿ ಮೂವತ್ತೊಂದು ವರ್ಸ,
ತಿಳೀದಾಕಿ ಅಂದ್ರು ಅಮೋಘಪ್ಪ, ತೊಟ್ಟಲದ ದಿವ್ಸ.”

ಅಮೋಘಪ್ಪನ ಮುಖದಲ್ಲಿ ಏಳು ತಿಂಗಳು ಒಂದೊಂದಾಗಿ ಹಿಂದಕ್ಕೆ ನಡೆದು ತೊಟ್ಟಿಲಿನ ಬಳಿ ನಿಂತವು. ರಾಜೇಶ್ರೀ ಅವರ ನಾಲಗೆಯ ತುದಿಗೆ ಸಹಾಯದ ಮಾತೊಂದು ಬಂದಿತ್ತು, ಕಚ್ಚಿ ಹಿಡಿದರು. ಅವರ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಅವರು ಮಾಡಿಲ್ಲ. ಕೊನೆಗೆ ಅಮೋಘಪ್ಪ, ನೆಲ ನೋಡುತ್ತ, ಒಂದೊಂದೇ ಮಾತು ಕಿತ್ತು ಇಟ್ಟ:

“ಕೆಂಪು ಬಾಳಿ ಗೊನಿಗಿ ಆಸರ ಕಟಗಿ ಬೇಕು,
ಅನ್ನಮ್ಮಗ ತಿಳೀತದ, ನಾನಾ ಇನ್ನ ಕಲೀಬೇಕು.”

ಅನ್ನಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಎಮ್ಮೆಗಲ್ಲ, ಫೋನಿಗಲ್ಲ, ನೇರ ಗಂಡನಿಗೇ ಹೇಳಿದಳು.

“ಎರಡೂ ಕಡಿ ಬೇಕು ಬೇಕು ಅಂತ ಬಂದದ. ಇದಕ್ಕ ಪ್ರಾಸ ಅಂತಾರೇನ್ರಿ?”

“ನಿನ್ನಷ್ಟ್ ಓದೀನೇನ್ ನಾ?”

“ನಾ ಎಲ್ಲಿ ಓದೀನಿ?”

“ಹಂಗಾದ್ರ ಸಮಾ ಆತು ಬಿಡು.”

ಅಷ್ಟರಲ್ಲಿ ರಾಜೇಶ್ರೀ ಅವರ ಪರದೆ ಗಿರ್ರನೆ ತಿರುಗಿ ಮೇಲಿನ ಜಂತಿಗಳು ಕಾಣಿಸಿದವು. ಫೋನು ಅಂಗಾತ ಬಿದ್ದಿತ್ತು. ಹಿಂದಿನಿಂದ ಗಂಟು ಬಿಚ್ಚುವ ಸದ್ದು, ಸೀರೆ ಕೊಡವುವ ಸದ್ದು, “ಇದೊಂದ್ ಜಂಗ್ ಹಿಡಿದ ಟ್ರಂಕು, ಬಾಯಿ ತೆಗೀರಿ” ಎಂಬ ಗದರಿಕೆ. ಅವರು ಇರುವುದನ್ನೇ ಇಬ್ಬರೂ ಮರೆತಿದ್ದರು. ಉಳಿದ ಹನ್ನೆರಡು ನಿಮಿಷ ರಾಜೇಶ್ರೀ ಆ ಜಂತಿಗಳನ್ನು ಇಷ್ಟಗಲ ನಗುತ್ತ ನೋಡಿ, ಹೊತ್ತಾದ ಮೇಲೆ ಕರೆ ಮುಗಿಸಿದರು.

ಇದನ್ನೆಲ್ಲ ಊರಿಗೆ ಹೇಳಿದವನು ಅಮೋಘಪ್ಪನೇ. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡವರಿಗೆಲ್ಲ ಒಡಪು ಪುಕ್ಕಟೆ. ಹೈದರಾಬಾದಿಗೆ ಹೋಗುವ ಬಸ್ಸಿನ ಡ್ರೈವರುಗಳಿಗೂ ಈಗ ಅದು ಬಾಯಿಪಾಠ. ಆದರೂ ಯಾರಾದರೂ ಕುಸನೂರಿಗೆ ಹೋಗಿ, “ಅಮೋಘಪ್ಪನ ಸಂಸಾರ ಸರಿಮಾಡಿದ್ದು ನೀವಂತ” ಎಂದರೆ, ರಾಜೇಶ್ರೀ ಕನ್ನಡಕ ತೆಗೆದು ನಿಧಾನ ಒರೆಸುತ್ತಾರೆ.

“ಯಾವ ಅಮೋಘಪ್ಪರೀ?”