ಹೀಟರ್ ಇದೆ, ಟೋಕನ್ ಇಲ್ಲ

ಕಳೆದ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ಗಂಡನ ಮ್ಯಾನೇಜರ್ ಹೆಂಡತಿಯ ಜೊತೆ ಬಂದು ನಮ್ಮ ಮನೆಯ ಬೆಲ್ ಒತ್ತಿದರು. ಫೋನಿಲ್ಲ, ಮೆಸೇಜಿಲ್ಲ. ಬಾಗಿಲು ತೆಗೆದವರು ನನ್ನ ಅತ್ತೆ. ಹಣೆಯಲ್ಲಿ ಕುಂಕುಮ, ಕಿವಿಯಲ್ಲಿ ಬೆಂಡೋಲೆ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕಿತ್ತಳೆ ಬಣ್ಣದ ಸ್ಕೀ ಸೂಟು.

ಹೌದು, ಸ್ಕೀ ಸೂಟು. ಯುರೋಪಿನಲ್ಲಿ ಹಿಮದ ಗುಡ್ಡದಿಂದ ಜಾರುವವರು ಹಾಕಿಕೊಳ್ಳುತ್ತಾರಲ್ಲ, ಅದೇ. (ಒಳಗೆ ಇಳಕಲ್ ಸೀರೆ ಇತ್ತು. ಅದನ್ನು ಹೇಗೆ ತುರುಕಿದೆವು ಅಂತ ಕೇಳಬೇಡಿ.)

ಮೊದಲಿನಿಂದ ಹೇಳುತ್ತೇನೆ.

ನೈರೋಬಿ ಅಂದರೆ ಸುಡುವ ಬಿಸಿಲು ಅಂದುಕೊಂಡಿದ್ದೀರಾ? ಅತ್ತೆಯೂ ಹಾಗೇ ಅಂದುಕೊಂಡಿದ್ದರು. ರಾಯಚೂರಿನಿಂದ ಬರುವಾಗ ಹನ್ನೆರಡು ಕಾಟನ್ ಸೀರೆ, ಒಂದು ಬೀಸಣಿಗೆ ತಂದಿದ್ದರು. ಸ್ವೆಟರ್ ಒಂದೂ ಇಲ್ಲ. ಬಂದಿದ್ದು ಜುಲೈನಲ್ಲಿ. ಇಲ್ಲಿ ಜುಲೈ ಅಂದರೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ನೆಲ ತಣ್ಣಗೆ ಕೊರೆಯುತ್ತದೆ. ಕಿಟಕಿಯ ಮೇಲೆ ಗಾಳಿಯಾಡಲಿ ಅಂತ ಬಿಟ್ಟ ಕಿಂಡಿಗಳಿಗೆ ಮುಚ್ಚಳವೇ ಇಲ್ಲ!

"ಆಫ್ರಿಕಾ ಅಂದ್ರ ಬಿಸಲು ಅಂತಿದ್ರಲ್ಲೋ ಗುರು, ನನ್ನ ಎಲ್ಲಿಗೆ ಕರ್ಕೊಂಡ್ ಬಂದಿ?" ಅಂತ ಅತ್ತೆ ಏರ್‌ಪೋರ್ಟಿನ ಬಾಗಿಲಲ್ಲೇ ಮಗನನ್ನು ಕೇಳಿದರು.

ಗುರು, ಅಂದರೆ ನನ್ನ ಗಂಡ ಗುರುರಾಜ, ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಅಕೌಂಟೆಂಟ್. ಆರು ತಿಂಗಳಿಂದ ಫ್ಯಾಕ್ಟರಿಗೆ ಆರ್ಡರ್ ಇಲ್ಲ, ನಮಗೆ ಅರ್ಧ ಸಂಬಳ. ಹೈರಿಡ್ಜ್‌ನ ದೊಡ್ಡ ಮನೆ ಬಿಟ್ಟು, ಬಾಡಿಗೆ ಕಡಿಮೆಯಿರುವ ಎಂಬಕಸಿಯ ಈ ನಾಲ್ಕನೇ ಮಹಡಿಗೆ ಬಂದೆವು. ಅತ್ತೆಯ ಟಿಕೆಟ್ ಮಾತ್ರ ಅದಕ್ಕೂ ಮೊದಲೇ ಬುಕ್ ಆಗಿತ್ತು. ಇದ್ಯಾವುದನ್ನೂ ಗುರು ತಾಯಿಗೆ ಹೇಳಿರಲಿಲ್ಲ.

"ಆ ಮನಿ ಯಾಕ ಬಿಟ್ರಿ?" ಅತ್ತೆ ಕೇಳಿದರು.

"ನಿನ್ನ ಕರ್ಕೊಂಡ್ ಬರ್ಲಿಕ್ಕೆ ಏರ್‌ಪೋರ್ಟ್ ಹತ್ರ ಆಗ್ಲಿ ಅಂತ, ಅವ್ವ."

ಇಂಥ ಉತ್ತರ ಕೊಡುವ ಮನುಷ್ಯ ಮನೆಯಲ್ಲಿ ಚಳಿ ಅಂತ ಒಪ್ಪಿಕೊಳ್ಳುತ್ತಾನಾ? ಹೀಟರ್ ಹಚ್ಚಿದರು. ಬೆಳಗ್ಗೆ ಹಚ್ಚಿದ್ದು ಮಲಗುವವರೆಗೂ ಉರಿಯಿತು.

ಇಲ್ಲಿ ತಿಂಗಳ ಕೊನೆಗೆ ಬರುವ ಕರೆಂಟ್ ಬಿಲ್ಲಿಲ್ಲ. ಮೊದಲೇ ದುಡ್ಡು ಕಟ್ಟಿ ಟೋಕನ್ ಕೊಳ್ಳಬೇಕು. ಫೋನಿಗೆ ಇಪ್ಪತ್ತು ಅಂಕಿಯ ನಂಬರ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಟೋಕನ್ ಮುಗಿದರೆ ಮನೆ ಕತ್ತಲು. ಎರಡು ವಾರ ಬರಬೇಕಾದ ಟೋಕನ್ನನ್ನು ಹೀಟರ್ ಮೂರು ದಿನಕ್ಕೆ ಮುಕ್ಕಾಲು ನುಂಗಿತು. ನಾನು ಇಸ್ತ್ರಿ ಬಿಟ್ಟೆ. ದಿನಾ ಬಿಸಿನೀರಿನ ಸ್ನಾನ ಬಿಟ್ಟೆ. (ಮೈಸೂರಿನ ನಮ್ಮಮ್ಮ ಇದನ್ನು ಓದದಿರಲಿ.) ಹೀಟರ್ ಆರಿಸಲು ಮಾತ್ರ ಗುರು ನನ್ನನ್ನು ಬಿಡಲಿಲ್ಲ.

ನಾಲ್ಕನೆಯ ದಿನ ಸಂಜೆ, ಅತ್ತೆ ಚಹಾ ಕುಡಿಯುತ್ತಿದ್ದಾಗ, ಟಪ್ ಅಂತ ಎಲ್ಲ ಆರಿಹೋಯಿತು.

"ಪವರ್ ಕಟ್, ಅವ್ವ," ಅಂದರು ಗುರು. "ಈ ದೇಶನೇ ಹಿಂಗ."

ಪಾಪ, ಈ ದೇಶ ಏನು ಮಾಡಿತ್ತು? ಅತ್ತೆ ಕಿಟಕಿಯಿಂದ ನೋಡಿದರು. ಎದುರಿನ ಬಿಲ್ಡಿಂಗ್ ಝಗಝಗ ಅನ್ನುತ್ತಿತ್ತು. ಕೆಳಗಿನ ಮನೆಯ ಟೀವಿಯೂ ಕೇಳಿಸುತ್ತಿತ್ತು. ಆಗ ನಮ್ಮ ಹತ್ತು ವರ್ಷದ ಅದಿತಿ ಬಾಯಿ ಬಿಟ್ಟಳು.

"ನೋ ಅಜ್ಜಿ, ದ ಟೋಕನ್ಸ್ ಆರ್ ಫಿನಿಶ್ಡ್. ಅಪ್ಪಾ ಗೆಟ್ಸ್ ಓನ್ಲಿ ಹಾಫ್ ಸ್ಯಾಲರಿ ನೌ."

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅಲ್ಲಿಯವರೆಗೂ ನಾವು ನಂಬಿದ್ದೆವು. 'ಹಾಫ್' ಮತ್ತು 'ಸ್ಯಾಲರಿ' ಯಾರಿಗೆ ಬರುವುದಿಲ್ಲ?

ಕತ್ತಲಲ್ಲಿ ಗುರುವಿನ ಉಸಿರು ಕೇಳುತ್ತಿತ್ತು. ಅವರು ಅಳುತ್ತಾರೇನೋ ಅಂತ ನನಗೆ ಭಯವಾಯಿತು. ಅತ್ತೆ ಚಹಾ ಮುಗಿಸಿ, ಕಪ್ಪನ್ನು ತಡಕಾಡಿ ಕೆಳಗಿಟ್ಟು, "ನಾಳೆ ನನ್ನ ಸಂತಿಗೆ ಕರ್ಕೊಂಡ್ ಹೋಗು ಸುಮಾ," ಅಂದರು. ಅಷ್ಟೇ.

ಮರುದಿನ ಮಟಾಟು ಅನ್ನುವ ಇಲ್ಲಿಯ ಪುಟ್ಟ ಬಸ್ಸು ಹತ್ತಿ ಮಿತುಂಬಾ ಸಂತೆಗೆ ಹೋದೆವು. ಮಿತುಂಬಾ ಅಂದರೆ ಶೀತ ದೇಶಗಳವರು ಉಟ್ಟು ಬಿಟ್ಟ ಬಟ್ಟೆಗಳ ರಾಶಿ. ಅತ್ತೆ ಒಂದು ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಕಿತ್ತಳೆ ಸೂಟನ್ನು ಎಳೆದು ತೆಗೆದರು. "ಬಾರಿದಿ!" ಅಂತ ಅಂಗಡಿಯ ಹೆಂಗಸು ಚಳಿಗೆ ನಡುಗುವವಳ ಹಾಗೆ ನಟಿಸಿ, ಸೂಟನ್ನು ತಟ್ಟಿ ತೋರಿಸಿದಳು. "ಥಂಡಿ ಹೌದವ್ವ, ರೇಟು ಯಾಕ ಬಿಸಿ ಅದ?" ಅಂದರು ಅತ್ತೆ. ಆಕೆ ಸ್ವಾಹಿಲಿ, ಇವರು ರಾಯಚೂರು ಕನ್ನಡ. ಇಬ್ಬರಿಗೂ ಇನ್ನೊಬ್ಬರ ಒಂದು ಅಕ್ಷರ ಗೊತ್ತಿಲ್ಲ, ಚೌಕಾಸಿ ಮಾತ್ರ ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಇಬ್ಬರೂ ಬಿದ್ದು ಬಿದ್ದು ನಕ್ಕರು, ಮೂರು ಸೂಟು ನಮ್ಮ ಚೀಲಕ್ಕೆ ಬಿದ್ದವು. ಅತ್ತೆಗೆ ಕಿತ್ತಳೆ, ನನಗೆ ನೀಲಿ, ಅದಿತಿಗೆ ಗುಲಾಬಿ. ಗುರು ತಮಗೆ ಬೇಡವೇ ಬೇಡ ಅಂದಿದ್ದರು. ಅವರಿಗೆ ಮಂಕಿ ಕ್ಯಾಪ್ ಇತ್ತು, ಮರ್ಯಾದೆಯೂ ಇತ್ತು.

ಹೀಗೆ ನಾವು ಮೂವರು ಸರ್ ಸರ್ ಸದ್ದು ಮಾಡುತ್ತಾ ಮನೆಯಲ್ಲಿ ಓಡಾಡುತ್ತಿದ್ದಾಗಲೇ ಆ ಭಾನುವಾರ ಬಂತು. ಮ್ಯಾನೇಜರ್ ಫರ್ನಾಂಡಿಸ್ ಸರ್, ಅವರ ಹೆಂಡತಿ ಗ್ಲಾಡಿಸ್, ಇಬ್ಬರೂ ಮಂಗಳೂರಿನವರು. ಅವರಿಗೆ ಕರೆನ್ ಅನ್ನುವ ಶ್ರೀಮಂತರ ಬಡಾವಣೆಯಲ್ಲಿ ತೋಟದ ನಡುವೆ ಕಂಪನಿಯ ದೊಡ್ಡ ಬಂಗಲೆ.

"ನಿಮ್ಮ ಅಮ್ಮ ಬಂದಿದ್ದಾರೆ ಅಂತ ಗೊತ್ತಾಯ್ತು, ಹಾಗೆ ಬಂದದ್ದು," ಅಂದರು ಸರ್. ಕಣ್ಣು ಮಾತ್ರ ಸೂಟಿನ ಮೇಲೆ.

ಗುರು ಗೋಡೆಯೊಳಗೆ ಸೇರಿಹೋಗಲು ಜಾಗ ಹುಡುಕುತ್ತಿದ್ದರು. ಅತ್ತೆ ಸರ್ ಮುಂದೆ ಹೋಗಿ ನಿಂತರು. "ಅರ್ಧ ಪಗಾರ ಕೊಡೋ ಸಾಹೇಬ್ರು ನೀವೇನ್ರಿ?"

ಇರುವ ಅರ್ಧವೂ ಹೋಯಿತು ಅಂದುಕೊಂಡೆ.

"ಕುಂದ್ರಿ," ಅಂದರು ಅತ್ತೆ. "ನೀವು ಪಗಾರ ಅರ್ಧ ಕೊಟ್ರೂ ನಾವು ಚಹಾ ಅರ್ಧ ಕೊಡಂಗಿಲ್ಲ."

ಮೊದಲು ನಕ್ಕಿದ್ದು ಗ್ಲಾಡಿಸ್. ಸಣ್ಣ ನಗುವಲ್ಲ, ಸೋಫಾದ ಕೈ ಹಿಡಿದುಕೊಂಡು ನಕ್ಕರು. "ಅಯ್ಯೋ ಅಮ್ಮಾ, ಇವರಿಗೂ ಅರ್ಧವೇ!" ಅಂದರು. ಸರ್ "ಗ್ಲಾಡಿಸ್..." ಅಂದರು. ಅವರು ಕೇಳಲಿಲ್ಲ. "ಇನ್ನು ಎಂತ ಮುಚ್ಚಿಡುದು? ಅಷ್ಟು ದೊಡ್ಡ ಮನೆ ಬಿಸಿ ಮಾಡ್ಲಿಕ್ಕೆ ನಮ್ಮತ್ರ ಎಲ್ಲುಂಟು ದುಡ್ಡು? ನಾಯಿಯನ್ನು ಮಧ್ಯ ಮಲಗಿಸಿಕೊಂಡು ಮಲಗುದು. ಭಾನುವಾರ ಚರ್ಚ್ ಮುಗಿಸಿ ಯಾರ್ದಾದ್ರೂ ಮನೆಗೆ ಹೋಗುದು. ಅಲ್ಲಿ ಹೀಟರ್ ಹಾಕಿರ್ತಾರಲ್ಲ!"

ನಾವೆಲ್ಲರೂ ಮೂಲೆಯಲ್ಲಿದ್ದ ನಮ್ಮ ಹೀಟರನ್ನು ನೋಡಿದೆವು. ಅದು ತಣ್ಣಗೆ ಕೂತಿತ್ತು.

ಗುರು ನಗಲು ಶುರುಮಾಡಿದರು. ಆರು ತಿಂಗಳ ನಗು ಒಟ್ಟಿಗೇ ಬಂತು. ಮಂಕಿ ಕ್ಯಾಪ್ ತೆಗೆದು ಕಣ್ಣೊರೆಸಿಕೊಂಡರು. "ಸಾರಿ ಸರ್, ಇವತ್ತು ತಪ್ಪು ಮನೆಗೆ ಬಂದ್ರಿ."

"ಏಳ್ರಿ ಎಲ್ಲಾರೂ," ಅಂದರು ಅತ್ತೆ. "ಪುಕ್ಕಟ ಹೀಟರ್ ನಾ ತೋರಸ್ತೀನಿ." ಗ್ಲಾಡಿಸ್‌ರ ಎರಡೂ ಕೈ ಅಡ್ಡಡ್ಡ ಹಿಡಿದು, ಹಿಂದಕ್ಕೆ ವಾಲಿ, ಗರಗರ ತಿರುಗಿದರು. ಫುಗಡಿ! ನಾಗರಪಂಚಮಿಗೆ ರಾಯಚೂರಿನ ಹೆಂಗಸರು ಆಡುವ ಆಟ. ಕಿತ್ತಳೆ ಸೂಟು ಬುಗುರಿಯಂತೆ ತಿರುಗಿತು. ಆಮೇಲೆ ನಾನು, ಅದಿತಿ. ಆಮೇಲೆ, ನಂಬಿ, ಮ್ಯಾನೇಜರ್ ಮತ್ತು ಅಕೌಂಟೆಂಟ್. ಇಬ್ಬರೂ ತಲೆ ತಿರುಗಿ ಕಾರ್ಪೆಟ್ಟಿನ ಮೇಲೆ ಬಿದ್ದು, ಸೀಲಿಂಗ್ ನೋಡುತ್ತಾ, ಅರ್ಧ ಸಂಬಳದ ಪತ್ರಕ್ಕೆ ಸಹಿ ಹಾಕಿದ ದಿನ ಯಾರಿಗೆ ಹೆಚ್ಚು ಹೊಟ್ಟೆ ನೋವು ಬಂದಿತ್ತು ಅಂತ ವಾದ ಮಾಡಿದರು. ಎಲ್ಲರಿಗೂ ಬೆವರು. ನಾನು ಹೋಗಿ ಕಿಟಕಿ ತೆರೆದೆ!

ಸಂಬಳ ಇನ್ನೂ ಅರ್ಧವೇ ಇದೆ. ಹೀಟರ್ ಈಗ ಅದಿತಿ ಹೋಮ್‌ವರ್ಕ್ ಮಾಡುವ ಒಂದು ಗಂಟೆ ಮಾತ್ರ ಉರಿಯುತ್ತದೆ. ಮೊದಲು ಗುರು ತಾಯಿಯ ಎದುರು ಕೂರಲು ಹಿಂಜರಿಯುತ್ತಿದ್ದರು. ಈಗ ಅವರ ಪಕ್ಕದಲ್ಲೇ ಕಾಲು ಚಾಚಿ ಕೂತು ಹರಟೆ ಹೊಡೆಯುತ್ತಾರೆ.

ನನ್ನನ್ನು ಕಾಡುತ್ತಿರುವುದು ಬೇರೆ. ಹೈರಿಡ್ಜ್‌ನಲ್ಲಿದ್ದಾಗ ಭಾನುವಾರ ಬಂದವರು ಎಷ್ಟು ಹೊತ್ತಾದರೂ ನಮ್ಮ ಹೀಟರ್ ಮುಂದಿನಿಂದ ಏಳುವುದಿಲ್ಲ ಅಂತ ನಾನು ಗೊಣಗುತ್ತಿದ್ದೆ. ಅವರ ಮನೆ ಎಷ್ಟು ತಣ್ಣಗಿತ್ತೋ, ಒಮ್ಮೆಯಾದರೂ ಕೇಳಿದ್ದೆನಾ?