ಮೂರು ಸ್ಟಾರಿನ ರುದ್ರಾಣಿ

ಜಾವಳಿಯ ಸಾವಿತ್ರಮ್ಮನವರ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ರುದ್ರಾಣಿ ನೀರಿನ ಮೋಟಾರಿನ ಮುಚ್ಚಳ ಬಿಚ್ಚುತ್ತಿದ್ದಾರೆ. ಚೂಡಿದಾರದ ಮೇಲೊಂದು ಗಂಡನ ಹಳೇ ಅಂಗಿ, ಜೇಬಲ್ಲಿ ಟೆಸ್ಟರ್. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿದೆ. ಕಣ್ಣು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ ಫೋನಿನ ಮೇಲೆ. ಒಂದು ಸ್ಕ್ರೂ ಬಿಚ್ಚುತ್ತಾರೆ, ಫೋನ್ ನೋಡುತ್ತಾರೆ. ಇನ್ನೊಂದು ಸ್ಕ್ರೂ ಬಿಚ್ಚುತ್ತಾರೆ, ಮತ್ತೆ ನೋಡುತ್ತಾರೆ.

"ಎಂತ ಮಾರಾಯ್ತಿ, ಕೆಟ್ಟಿರೋದು ಮೋಟಾರೋ, ನಿನ್ನ ಫೋನೋ?" ಕಾಫಿ ಲೋಟ ಹಿಡಿದು ಬಂದ ಸಾವಿತ್ರಮ್ಮ ಕೇಳುತ್ತಾರೆ.

"ಎರಡೂ ಅಲ್ಲ ಅಮ್ಮ. ಕೆಟ್ಟಿರೋದು ನನ್ನ ತಲೆ."

ತಲೆ ಕೆಡದೆ ಏನಾದೀತು ಹೇಳಿ! ಬಾಳೂರಿನಲ್ಲಿ ಹೊಸದಾಗಿ ಹೋಮ್‌ಸ್ಟೇ ಶುರು ಮಾಡಿರುವ ಗಗನಾ ಎಂಬವರು ನೀರು, ಕರೆಂಟು, ಗೀಸರು ಎಲ್ಲವನ್ನೂ ವರ್ಷಪೂರ್ತಿ ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿದ್ದಾರೆ. ಮೈಸೂರು ಕಡೆಯವರು, ಇಲ್ಲಿ ಯಾರ ಪರಿಚಯವೂ ಇಲ್ಲ. ಹಾಗಾಗಿ ಫೋನಿನಲ್ಲಿ ಗಿರಾಕಿಗಳು ಬರೆದ ಅಭಿಪ್ರಾಯ ನೋಡಿಯೇ ಆಳು ಗೊತ್ತು ಮಾಡುವವರು. ನಿನ್ನೆ ಸಂಜೆ ರುದ್ರಾಣಿಯವರ ಎದುರಿಗೇ ಅದನ್ನು ತೆಗೆದು ನೋಡಿ, "ಅಲ್ಲಾ ರೀ, ಎಲ್ಲಾರೂ ಮೂರೇ ಸ್ಟಾರ್ ಕೊಟ್ಟಿದಾರಲ್ಲ, ಯಾಕೆ? ಪೂರ್ತಿ ಓದಿ ನಾಳೆ ಹೇಳ್ತೀನಿ" ಎಂದುಬಿಟ್ಟರು. ಅಲ್ಲಿಂದ ಶುರುವಾದ ತಳಮಳ ಇನ್ನೂ ನಿಂತಿಲ್ಲ.

ಗೋಣಿಬೀಡಿನ ಬಸ್ ನಿಲ್ಲುವ ಜಾಗದ ಹತ್ತಿರ ಗಂಡ ಚನ್ನಬಸವ ಅವರಿಗೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಮನೆಮನೆಗೆ ಹೋಗಿ ರಿಪೇರಿ ಮಾಡುತ್ತಿದ್ದವರು ಅವರೇ. ರುದ್ರಾಣಿ ಗಲ್ಲಾದಲ್ಲಿ ಕೂತು, ಬಿಡುವಿದ್ದಾಗ ಮೋಟಾರಿಗೆ ತಂತಿ ಸುತ್ತುತ್ತಾ ಕೆಲಸ ಕಲಿತರು. ಒಂದು ಮಳೆಗಾಲ ಯಾರದೋ ಮನೆಯ ಮಾಡಿನಿಂದ ಜಾರಿ ಬಿದ್ದು ಚನ್ನಬಸವ ಸೊಂಟ ಮುರಿದುಕೊಂಡ ಮೇಲೆ ಗಂಡ ಗಲ್ಲಾಕ್ಕೆ ಬಂದರು, ಹೆಂಡತಿ ಸ್ಕೂಟರ್ ಹತ್ತಿದರು. ಶುರುವಿನಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. "ಬಾಗಿಲು ತೆಗೆದೋರು ನನ್ನ ಹಿಂದೆ ಇಣುಕಿ ನೋಡೋರು, 'ಯಜಮಾನ್ರು ಎಲ್ಲಿ?' ಅಂತ. ನಾನೇ ಬಂದಿರೋದು ಅಂದ್ರೆ ಮುಖ ಚಿಕ್ಕದು ಮಾಡ್ಕೊಳ್ಳೋರು. ಕೆಲಸ ಮುಗಿಯೋವರೆಗೂ ತಲೆ ಮೇಲೇ ನಿಂತಿರೋರು" ಎಂದು ರುದ್ರಾಣಿ ನಗುತ್ತಾರೆ. ಆಗ ನಗು ಬಂದಿರಲಿಕ್ಕಿಲ್ಲ.

ಈಗ ಹಳೇ ಮನೆಗಳಲ್ಲಿ ಆ ತೊಂದರೆ ಇಲ್ಲ. ಆದರೆ ಗುಡ್ಡಕ್ಕೊಂದು ಹೋಮ್‌ಸ್ಟೇ ಏಳುತ್ತಿದೆ, ಅಲ್ಲಿಯವರಿಗೆ ರುದ್ರಾಣಿ ಯಾರೋ, ಚನ್ನಬಸವ ಯಾರೋ. ಅದಕ್ಕೇ ಮಗಳು ಸುಪ್ರಿಯಾ ಫೋನಿನ ಮ್ಯಾಪಿನಲ್ಲಿ ಅಮ್ಮನ ಹೆಸರು ಹಾಕಿಕೊಟ್ಟಳು. ಅಂಗಡಿ ಬೋರ್ಡಿನಲ್ಲಿ ಇವತ್ತಿಗೂ ಗಂಡನ ಹೆಸರೇ. ತನ್ನ ಹೆಸರಿನಲ್ಲಿ ರುದ್ರಾಣಿಗೆ ಇರುವುದು ಇದೊಂದೇ. ಅದರ ಕೆಳಗೆ ಮೂರೇ ಸ್ಟಾರ್ ಮಿಣುಕುತ್ತಿದ್ದರೆ ಹೊಟ್ಟೆ ಉರಿಯದೆ ಇದ್ದೀತೇ?

ಇವತ್ತು ತಡೆಯಲಾಗಲಿಲ್ಲ. ಮೋಟಾರು ಗುಂಯ್ ಅಂದು ನೀರೆತ್ತಿದ್ದೇ ತಡ, ಕೈ ಒರೆಸಿಕೊಂಡು ಕೇಳಿಯೇ ಬಿಟ್ಟರು: "ಅಮ್ಮ, ನೀವೂ ಮೂರೇ ಸ್ಟಾರ್ ಕೊಟ್ಟಿದೀರಿ. ನನ್ನಿಂದ ಏನಾದ್ರೂ ತಪ್ಪಾಗಿದ್ಯ?"

ಸಾವಿತ್ರಮ್ಮನವರಿಗೆ ಸಿಟ್ಟೇ ಬಂತು. "ತಪ್ಪ? ಅಡ್ಡಿಲ್ಲ ಅಂತ ಬರೆಸಿದೀನಲ್ಲೇ! ನಮ್ಮನೆ ಅಳಿಯನಿಗೇ ನಾನು ಇನ್ನೂ ಅಡ್ಡಿಲ್ಲ ಅಂದಿಲ್ಲ, ಗೊತ್ತಾ?"

ಈ ಸೀಮೆಯ ಕತೆಯೇ ಇದು. ಕಾಫಿ ಘಮ್ಮೆಂದರೂ ಅಡ್ಡಿಲ್ಲ, ಮದುವೆಯೂಟ ಬಾಯಿ ಚಪ್ಪರಿಸುವಂತಿದ್ದರೂ ಅಡ್ಡಿಲ್ಲ. ಅದಕ್ಕಿಂತ ಮೇಲೆ ಹೊಗಳಿದರೆ ಹೇಳಿದವರಿಗೂ ನಾಚಿಕೆ, ಕೇಳಿದವರಿಗೂ ಮುಜುಗರ. ಅದನ್ನೇ ಹೊರಗಿನವರು ಓದಿದರೆ 'ಏನೋ ಒಂದು, ನಡೆಯುತ್ತದೆ ಬಿಡಿ' ಎಂದಂತೆ ಕಾಣುತ್ತದೆ.

"ಮಾತು ಸರಿ ಅಮ್ಮ. ಸ್ಟಾರ್ ಯಾಕೆ ಮೂರು?"

"ಐದೂ ಕೊಟ್ರೆ ದೃಷ್ಟಿ ಆಗಲ್ವೇನೇ? ಅದೂ ಅಲ್ದೆ, ಒಂದೇ ಸಲಕ್ಕೆ ಎಲ್ಲಾ ಕೊಟ್ಬಿಟ್ರೆ ಮುಂದಿನ ಸಲಕ್ಕೆ ಎಂತ ಕೊಡೋದು?"

ರುದ್ರಾಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಪುಣ್ಯಾತ್ಗಿತ್ತಿಯ ಪ್ರೀತಿಯೇ ತನ್ನ ಕೆಲಸಕ್ಕೆ ಕುತ್ತು ತಂದಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಕಾಫಿ ಕುಡಿದು ಸ್ಕೂಟರ್ ಹತ್ತಿದರು. ದಾರಿಯಲ್ಲಿ ಸಿಗ್ನಲ್ ಸಿಕ್ಕಲ್ಲೆಲ್ಲ ನಿಲ್ಲಿಸಿ ಫೋನ್ ನೋಡಿದರು. ಒಂದು ಮನೆಯ ಗೀಸರ್, ಇನ್ನೊಂದು ಮನೆಯ ಸ್ವಿಚ್ಚು ಮುಗಿದರೂ ಗಗನಾ ಅವರ ಸುದ್ದಿ ಇಲ್ಲ. ಬೇರೆ ಯಾರನ್ನೋ ಕರೆದಿರಬೇಕು ಎಂದು ಆಸೆ ಬಿಟ್ಟು ಬುತ್ತಿ ಬಿಚ್ಚಿ ಒಂದು ತುತ್ತು ತಿನ್ನುವ ಹೊತ್ತಿಗೆ ಫೋನ್ ಬಡಿದುಕೊಂಡಿತು.

"ರುದ್ರಾಣಿಯವ್ರೇ, ನಾನು ಚಿಕ್ಕಮಗಳೂರಲ್ಲಿದೀನಿ. ಸಂಜೆ ಗೆಸ್ಟ್ ಬರ್ತಾರೆ, ಟ್ಯಾಂಕಿಗೆ ನೀರೇ ಬರ್ತಿಲ್ವಂತೆ. ಅಡುಗೆಯವ್ರು ಫೋನ್ ಮಾಡಿ ಹೇಳಿ ಮನೆಗೆ ಹೊರಟುಬಿಟ್ರು. ಹಿಂದಿನ ಬಾಗಿಲ ಕೀ ಸೌದೆ ಕೊಟ್ಟಿಗೇಲಿ, ಹಳೇ ಕೊಡದ ಒಳಗಿದೆ. ಹೋಗಿ ನೋಡ್ತೀರಾ?"

ರುದ್ರಾಣಿ ಅನ್ನದ ಕೈಯಲ್ಲೇ ಎದ್ದು ನಿಂತರು. "ನೀವು ಇಲ್ದೇ ಇರುವಾಗ? ಮೂರು ಸ್ಟಾರ್ ಅಂತ ನೀವು..."

"ಸ್ಟಾರ್ ನೋಡಿ ಬೇಡ ಅಂತಲೇ ಇದ್ದೆ. ಆಮೇಲೆ ಕೂತು ಬರೆದಿದ್ದನ್ನ ಓದಿದೆ. 'ನಾವು ಮನೇಲಿ ಇರಲಿಲ್ಲ, ಕೀ ಎಲ್ಲಿದೆ ಅಂತ ಹೇಳಿದ್ವಿ, ಬರೋದ್ರೊಳಗೆ ಕೆಲಸ ಆಗಿತ್ತು, ಅಡ್ಡಿಲ್ಲ.' ಒಬ್ರಲ್ಲ, ಸುಮಾರು ಜನ ಹೀಗೇ ಬರ್ದಿದಾರೆ. ಐದು ಸ್ಟಾರ್ ಇರೋ ಬೇರೆಯವ್ರದ್ದೂ ಓದಿದೆ ರೀ. ಸೂಪರ್, ಬೆಸ್ಟ್ ಅಂತ ಇದೆ. ಕೀ ಕೊಟ್ಟು ಹೋದ್ವಿ ಅಂತ ಒಬ್ರೂ ಬರ್ದಿಲ್ಲ."

ಬಾಳೂರಿನಲ್ಲಿ ಮೇಲಿನ ಒರತೆಯಿಂದ ಬರುವ ಪೈಪಿಗೆ ಗಾಳಿ ಹಿಡಿದಿತ್ತು. ರುದ್ರಾಣಿ ಗುಡ್ಡ ಹತ್ತಿ ಜಾಯಿಂಟ್ ಬಿಚ್ಚಿ ಗಾಳಿ ಬಿಟ್ಟರು, ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿಕೊಂಡರು, ಒಳಗೆ ಹೋಗಿ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿದರು. ತಮ್ಮ ಕೆಸರು ಹೆಜ್ಜೆ ಒರೆಸಿ, ಬಾಗಿಲು ಹಾಕಿ, ಕೀಯನ್ನು ಕೊಡದೊಳಗೆ ಇಟ್ಟರು. ನಾಲ್ಕು ಹೆಜ್ಜೆ ಹೋದವರು ವಾಪಸ್ ಬಂದು ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡಿದರು.

ಈಗ ಆ ಹೋಮ್‌ಸ್ಟೇ ಅವರದೇ ಉಸ್ತುವಾರಿಯಲ್ಲಿದೆ. ಮುಂದೇನು ಆಸೆ ಎಂದರೆ ರುದ್ರಾಣಿ ಅಂಗಡಿಯತ್ತ ಕೈ ತೋರಿಸುತ್ತಾರೆ. "ಬೋರ್ಡಲ್ಲಿ ತಮ್ಮ ಹೆಸರಿನ ಪಕ್ಕ ನಂದೂ ಒಂದು ಬರೀಬೇಕು ಅಂತ ಇವ್ರೇ ಹೇಳ್ತಿದಾರೆ. ನೋಡೋಣ." ಗಲ್ಲಾದಲ್ಲಿ ಕೂತ ಚನ್ನಬಸವ ಕೇಳಿಸದವರಂತೆ ಬಲ್ಬಿನ ಧೂಳು ಒರೆಸುತ್ತಾರೆ.

ಗಗನಾ ಅವರೂ ಫೋನಿನಲ್ಲಿ ಬರೆದಿದ್ದಾರೆ. ಅದನ್ನು ಮಗಳು ಓದಿ ಹೇಳಿದಳಂತೆ: 'ಕೀ ಎಲ್ಲಿದೆ ಅಂತ ಹೇಳಿದ್ದೇನೆ. ಅಡ್ಡಿಲ್ಲ.'

ಸ್ಟಾರ್ ಎಷ್ಟು ಕೊಟ್ಟಿದ್ದಾರೆ?

ಟೆಸ್ಟರ್ ಜೇಬಿಗೆ ಸಿಕ್ಕಿಸುತ್ತಿದ್ದ ರುದ್ರಾಣಿ ಒಂದು ಕ್ಷಣ ನಿಲ್ಲುತ್ತಾರೆ. "ಅಯ್ಯೋ, ಅದನ್ನ ಕೇಳ್ಲೇ ಇಲ್ಲ ನೋಡಿ!"